ಕೆರೆದು ನೋಡಿದರೆ ಎಲ್ಲ ಸರಿ

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ ಪಟ್ಟಿ ಹೆಬ್ಬೆರಳ ಉಗುರಿನಷ್ಟು ದೊಡ್ಡದು. ತಣ್ಣಗಿಡಬೇಕಾದ ಔಷಧದ ಡಬ್ಬಿಯ ಮೇಲೆ ಅದನ್ನು ಅಂಟಿಸುತ್ತಾರೆ. ಡಬ್ಬಿ ತಣ್ಣಗಿರುವವರೆಗೆ ಪಟ್ಟಿ ನೀಲಿ. ದಾರಿಯಲ್ಲೋ ಅಂಗಡಿಯಲ್ಲೋ ಡಬ್ಬಿ ಬಿಸಿಯಾಗಿ ಕೆಲವು ಗಂಟೆ ಹಾಗೇ ಉಳಿದರೆ ಪಟ್ಟಿ ಬಿಳಿ. ಒಮ್ಮೆ ಬಿಳಿಯಾದರೆ ಆಮೇಲೆ ಎಷ್ಟು ತಣ್ಣಗಿಟ್ಟರೂ ಮತ್ತೆ ನೀಲಿಯಾಗದು. ಸುಳ್ಳು ಹೇಳದೆ ಇರುವುದೊಂದೇ ಅದರ ಕೆಲಸ.

ಆ ನೀಲಿ ಬೆರೆಸಿದ ಬಣ್ಣವಲ್ಲ. ಹೊಳೆಯುವ ಹಾಳೆಯ ಮೇಲೆ ಪಾಲಿಮರಿನ ಒಂದು ಪದರ ಇರುತ್ತದೆ, ನಲವತ್ತು ನ್ಯಾನೋಮೀಟರ್ ದಪ್ಪ. ಒಂದು ಕೂದಲನ್ನು ಉದ್ದಕ್ಕೆ ಎರಡು ಸಾವಿರ ಸಲ ಸೀಳಿದರೆ ಸಿಗುವ ಸೀಳಿನಷ್ಟು ತೆಳು. ನೀರಿನ ಮೇಲೆ ಹರಡಿದ ಎಣ್ಣೆಗೆ ಬಣ್ಣ ಬರುವ ಹಾಗೆ ಇದಕ್ಕೂ ತೆಳುತನದಿಂದಲೇ ಬಣ್ಣ. ಬಿಸಿ ತಗುಲಿ ಪದರ ಸಡಿಲವಾದರೆ ಅದು ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮುದುಡಿಕೊಳ್ಳುತ್ತದೆ. ನೀಲಿ ಹೋಗುತ್ತದೆ. ಈ ಪದರದ ದಪ್ಪ ಅಳೆಯುವ ಕೋಣೆ ನನ್ನದು. ಬೆನ್ನ ಹಿಂದೆ ನನ್ನನ್ನು ‘ಕೂದಲು ಸೀಳೋ ಮೇಡಂ’ ಅನ್ನುತ್ತಾರೆ. ಎದುರಿಗೆ ಬರೀ ಮೇಡಂ.

ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್. ಚುಚ್ಚಿಕೊಳ್ಳುವ ಮೊದಲು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ನಿನ್ನ ನೀಲಿ ಸರಿಯಾಗಿದೆ ಕಣೆ” ಎಂದು ಅಡುಗೆಮನೆಯಿಂದಲೇ ನನಗೆ ಕೂಗಿ ಹೇಳುತ್ತಾರೆ. ಸೊಸೆ ಮಾಡಿದ ಒಂದಾದರೂ ಕೆಲಸ ಉಪಯೋಗಕ್ಕೆ ಬರುತ್ತಿದೆ ಎಂಬ ಧಾಟಿ ಅದು.

ಆ ಬೇಸಿಗೆಯಲ್ಲಿ ಅವರ ಸಕ್ಕರೆ ಏರತೊಡಗಿತು. ಔಷಧ ತಪ್ಪಿಸಿರಲಿಲ್ಲ, ಊಟ ಹೆಚ್ಚಾಗಿರಲಿಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಹಿಂದಿನದಕ್ಕಿಂತ ಜಾಸ್ತಿ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, “ಅಜ್ಜಿ, ಔಷಧ ಸುಳ್ಳು ಹೇಳಲ್ಲ, ರೋಗಿಗಳು ಹೇಳ್ತಾರೆ. ಏನೇನು ತಿಂತಾ ಇದ್ದೀರಿ?” ಎಂದು ಗದರಿದರು. ಮನೆಗೆ ಬಂದ ಮೇಲೆ ನನ್ನ ಗಂಡ ಶುರುಮಾಡಿದ.

“ಅಮ್ಮ, ನಿಜ ಹೇಳು. ಏನು ತಿಂದೆ?”

“ನಿನ್ನ ತಲೆ ತಿಂದೆ.”

“ನಾನು ತಮಾಷೆ ಮಾಡ್ತಿಲ್ಲ.”

“ನಾನೂ ಮಾಡ್ತಿಲ್ಲ. ಹೆತ್ತ ಮಗ ಕಳ್ಳಿ ಅಂತಾನೆ, ಇನ್ನೇನು ತಿನ್ಲಿ?”

ಮರುದಿನ ಅವನು ಬಿಸ್ಕತ್ತಿನ ಡಬ್ಬವನ್ನು ನಮ್ಮ ಕೋಣೆಯ ಕಪಾಟಿಗೆ ಸೇರಿಸಿ ಬೀಗ ಹಾಕಿದ. ಅತ್ತೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಮಾತ್ರ, ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದರು: “ಈ ವಯಸ್ಸಲ್ಲಿ ಕದ್ದು ತಿನ್ನೋಕೆ ನನಗೆ ಹಲ್ಲಾದ್ರೂ ಇರ್ಬೇಕಲ್ವಾ?”

ನಾಲ್ಕು ದಿನ ಕಳೆದು ಒಂದು ಭಾನುವಾರ ಅವರು ಔಷಧದ ಡಬ್ಬಿಯನ್ನು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಮರೆತರು. ಬಿಸಿಲು ನೇರ ಬೀಳುವ ಕಿಟಕಿ. ಸಂಜೆ ನಾನು ಕೈಗೆತ್ತಿಕೊಂಡಾಗ ಡಬ್ಬಿ ಬೆಚ್ಚಗಿತ್ತು. ಅತ್ತೆ ಗಾಬರಿಯಾಗಿ ಬಂದು ಪಟ್ಟಿ ನೋಡಿ, ನಿಟ್ಟುಸಿರು ಬಿಟ್ಟರು. “ಸದ್ಯ, ನೀಲಿಯಾಗೇ ಇದೆ. ನಿನ್ನ ಪಟ್ಟಿ ಬಲು ಗಟ್ಟಿ ಕಣೆ.”

ಡಬ್ಬಿಯನ್ನು ಮತ್ತೆ ಬೆಳಕಿಗೆ ಹಿಡಿದೆ. ನಮ್ಮ ಪಟ್ಟಿ ಗಟ್ಟಿಯಾಗಿರಲೇಬಾರದು. ಆ ಕಿಟಕಿಯಲ್ಲಿ ಅದು ಮಧ್ಯಾಹ್ನಕ್ಕೇ ಬಿಳಿಯಾಗಬೇಕಿತ್ತು.

ಸೋಮವಾರ ಆ ಪಟ್ಟಿಯನ್ನು ಬಿಡಿಸಿ ತಿರುಗಿಸಿ ನೋಡಿದೆ. ಪದರ ಹೊತ್ತ ಹಾಳೆ ಬೇರೆಯಾಗಿತ್ತು. ಮೊದಲು ಹೊಳಪಿನ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತಿತ್ತು. ಈಗ ಬರಿಯ ಲೋಹದ ಹಾಳೆ, ಅದರ ಮೇಲೆ ಲೋಹಕ್ಕೆ ಸಹಜವಾಗಿ ಕಟ್ಟುವ ಆಕ್ಸೈಡಿನ ಪೊರೆ. ಖರೀದಿ ವಿಭಾಗದವನನ್ನು ಕೇಳಿದೆ.

“ಹೌದು ಮೇಡಂ, ಬೇಸಿಗೆಗೆ ಮೊದಲೇ ಬದಲಾಯಿಸಿದ್ವಿ. ಇದು ಹರಿಯಲ್ಲ, ಚೆನ್ನಾಗಿದೆ. ಪ್ರಾಯೋಗಿಕವಾಗಿ ಒಂದು ಕಂತು ಪಟ್ಟಿ ಔಷಧ ಕಂಪನಿಗೆ ಹೋಗಿದೆ, ದೊಡ್ಡ ಕಂತು ಈ ಶುಕ್ರವಾರ ಹೋಗುತ್ತೆ.”

“ನನ್ನ ಕೋಣೆಗೆ ಮಾದರಿನೇ ಬರಲಿಲ್ಲ. ನನಗೆ ಹೇಳ್ಬೇಕಿತ್ತಲ್ಲ?”

“ಪಾಲಿಮರ್ ಅದೇ ತಾನೇ? ಹಾಳೆ ಬರೀ ಹೊರೋದು. ಕುರ್ಚಿ ಬದಲಾಯಿಸಿದ್ರೆ ಕೂತೋರು ಬದಲಾಗ್ತಾರಾ ಮೇಡಂ?”

ಬದಲಾಗುತ್ತಾರೆ. ಕೂತವರು ಅಷ್ಟು ತೆಳ್ಳಗಿದ್ದರೆ ಖಂಡಿತ ಬದಲಾಗುತ್ತಾರೆ.

ಪಾಲಿಮರ್ ಅಂದರೆ ಉದ್ದುದ್ದ ಸರಪಳಿಯಂತಹ ಅಣುಗಳ ಗುಂಪು. ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ನೂಕುನುಗ್ಗಲಿನಲ್ಲಿ ಯಾರೂ ಕದಲಲಾರರು. ಸಾಲಾಗಿ ನಿಂತಿಲ್ಲ, ಆದರೂ ಸಿಕ್ಕಿಕೊಂಡಿದ್ದಾರೆ. ಇದು ಗಾಜಿನ ಸ್ಥಿತಿ. ಸ್ವಲ್ಪ ಜಾಗ ಸಿಕ್ಕಿ ಒಬ್ಬರನ್ನೊಬ್ಬರು ಸರಿಸಿಕೊಂಡು ಹೋಗುವಂತಾದರೆ ಅದು ದ್ರವ. ಬಿಸಿ ಮಾಡಿದಾಗ ಗಾಜು ದ್ರವವಾಗುವ ಉಷ್ಣಾಂಶ ಪ್ರತಿ ಪಾಲಿಮರಿಗೂ ಒಂದಿದೆ. ನಮ್ಮದಕ್ಕೆ ಮೂವತ್ತೆಂಟು ಡಿಗ್ರಿ, ಅದು ದಪ್ಪ ಉಂಡೆಯಾಗಿರುವಾಗ. ದೊಡ್ಡ ಗುಂಪಿನಲ್ಲಿ ಬಾಗಿಲ ಬಳಿಯ ನಾಲ್ಕು ಜನ ಲೆಕ್ಕಕ್ಕಿಲ್ಲ. ಬಸ್ಸು ಕಿರಿದಾಗುತ್ತಾ ಹೋಗಿ ಎಲ್ಲರೂ ಬಾಗಿಲ ಹತ್ತಿರವೇ ಬಂದರೆ? ತೆರೆದ ಬಾಗಿಲ ಕಡೆಯವರು ಸಲೀಸಾಗಿ ಮಿಸುಕಾಡುತ್ತಾರೆ, ಪಕ್ಕದವರಿಗೂ ಜಾಗ ಕೊಡುತ್ತಾರೆ. ಇಡೀ ಗುಂಪು ಬೇಗ ಸಡಿಲವಾಗುತ್ತದೆ. ಹಳೆಯ ಪಟ್ಟಿಯಲ್ಲಿ ಆಗುತ್ತಿದ್ದದ್ದು ಇದೇ. ಮೇಲೆ ಗಾಳಿ, ಕೆಳಗೆ ಯಾರನ್ನೂ ಹಿಡಿದುಕೊಳ್ಳದ ಪ್ಲಾಸ್ಟಿಕ್. ಹಾಗಾಗಿ ಮೂವತ್ತಕ್ಕೇ ಸಡಿಲ. ಆದರೆ ಇನ್ನೊಂದು ಕಡೆಯ ಗೋಡೆಗೆ ಹಿಡಿಕೆಗಳಿದ್ದು, ಅಲ್ಲಿ ನಿಂತವರು ಅವನ್ನು ಬಿಗಿಯಾಗಿ ಹಿಡಿದುಕೊಂಡರೆ? ಅವರೂ ಕದಲುವುದಿಲ್ಲ, ಪಕ್ಕದವರನ್ನೂ ಕದಲಗೊಡುವುದಿಲ್ಲ. ಹೊಸ ಹಾಳೆಯ ಆಕ್ಸೈಡ್ ಅಂತಹ ಹಿಡಿಕೆಗಳ ಗೋಡೆ.

ನಾನು ಎರಡೂ ಪಟ್ಟಿಗಳನ್ನು ಬಿಸಿ ತಟ್ಟೆಯ ಮೇಲಿಟ್ಟು, ಓರೆಯಾಗಿ ಬೆಳಕು ಬಿಟ್ಟು, ನಿಧಾನವಾಗಿ ತಣಿಸುತ್ತಾ, ಹಿಂದಿರುಗಿದ ಬೆಳಕಿನಿಂದ ದಪ್ಪ ಅಳೆದೆ. ತಣಿಯುತ್ತಾ ಪದರ ಕುಗ್ಗುತ್ತದೆ. ದ್ರವ ಗಾಜಾಗುವ ಜಾಗದಲ್ಲಿ ಕುಗ್ಗುವ ವೇಗ ಬದಲಾಗಿ ನಕ್ಷೆಯ ಗೆರೆ ಒಂದು ಕಡೆ ಬಾಗುತ್ತದೆ. ಹಳೆಯದು ಮೂವತ್ತರಲ್ಲಿ ಬಾಗಿತು. ಹೊಸದು ನಲವತ್ತನಾಲ್ಕರಲ್ಲಿ. ನಂಬಲಿಲ್ಲ. ಪದರದಲ್ಲಿ ದ್ರಾವಕ ಉಳಿದಿದೆಯೇನೋ ಎಂದು ನಿರ್ವಾತದಲ್ಲಿ ಒಣಗಿಸಿ ಮತ್ತೆ ಅಳೆದೆ. ಬೇರೆ ಸುರುಳಿಯಿಂದ ಕತ್ತರಿಸಿ ಅಳೆದೆ. ಬಾಗಿದ ಜಾಗ ಬದಲಾಗಲಿಲ್ಲ. ಅಂದರೆ ಬಿಸಿಲಿಗೆ ಕಾದ ಅಂಗಡಿಯಲ್ಲಿ, ನಲವತ್ತು ಡಿಗ್ರಿಯ ಲಾರಿಯಲ್ಲಿ, ಔಷಧ ದಿನಗಟ್ಟಲೆ ಬೇಯುತ್ತಿದ್ದರೂ ನಮ್ಮ ಪಟ್ಟಿ ನೀಲಿ ಮುಖ ಹೊತ್ತು, ಎಲ್ಲ ಕ್ಷೇಮ ಎನ್ನುತ್ತಿತ್ತು.

ಬುಧವಾರ ಕಾರ್ಖಾನೆಯ ಯಜಮಾನರ ಕೋಣೆಯಲ್ಲಿ ಸಭೆ. ಎದುರಿಗೆ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಕಾರ್ಖಾನೆಯಲ್ಲಿ ಅವರ ಹೆಸರು ‘ಮೂವತ್ತೆಂಟು ಸಾಹೇಬ್ರು’, ಯಾಕೆಂದರೆ ಅವರ ಪರೀಕ್ಷೆಯಲ್ಲಿ ಯಾವಾಗಲೂ ಬರುವ ಉತ್ತರ ಅದು. ಅವರ ವಿಭಾಗದವರು ಪ್ರತಿ ಕಂತಿನಿಂದ ನೂರಾರು ಪಟ್ಟಿ ತೆಗೆದು, ಪದರವನ್ನು ಅಲಗಿನಿಂದ ಕೆರೆದು, ಪುಡಿಯನ್ನೆಲ್ಲ ಒಂದು ಪುಟ್ಟ ಲೋಹದ ಬಟ್ಟಲಿಗೆ ತುಂಬಿ, ಯಂತ್ರದಲ್ಲಿಟ್ಟು ಬಿಸಿ ಮಾಡಿ, ಎಷ್ಟು ಡಿಗ್ರಿಗೆ ಸಡಿಲವಾಗುತ್ತದೆ ಎಂದು ನೋಡುತ್ತಾರೆ.

“ಹಳೆ ಪಟ್ಟಿ ಮೂವತ್ತೆಂಟು, ಹೊಸ ಪಟ್ಟಿ ಮೂವತ್ತೆಂಟು. ವ್ಯತ್ಯಾಸ ಎಲ್ಲಿದೆ ಮೇಡಂ?” ಎಂದರು ಅವರು.

“ಹಳೆ ಪಟ್ಟಿ ಯಾವತ್ತಾದ್ರೂ ಮೂವತ್ತೆಂಟಕ್ಕೆ ಬಿಳಿಯಾಗಿದ್ದು ನೋಡಿದ್ದೀರಾ ಸರ್? ಅದು ಮೂವತ್ತಕ್ಕೆ ಆಗುತ್ತೆ. ನಾವು ಮಾರೋದೇ ಹಾಗಂತ ಹೇಳಿ.”

“ಅದು ಬೇರೆ ವಿಷಯ.”

“ಅದೇ ವಿಷಯ ಸರ್! ನೀವು ಕೆರೆದು ಬಟ್ಟಲಿಗೆ ತುಂಬಿದ ಮೇಲೆ ಅದು ತೆಳು ಪದರ ಅಲ್ಲ, ಉಂಡೆ. ಗಾಳಿನೂ ಇಲ್ಲ, ಹಾಳೆನೂ ಇಲ್ಲ. ಬಸ್ಸಿಂದ ಎಲ್ಲರನ್ನೂ ಇಳಿಸಿ, ಮೈದಾನದಲ್ಲಿ ಗುಡ್ಡೆ ಹಾಕಿ, ಒಳಗೂ ಇವರು ಹೀಗೇ ನಿಂತಿದ್ರು ಅಂತ ಹೇಳಿದ ಹಾಗಾಯ್ತು.”

“ಯಾವ ಬಸ್ಸು?” ಎಂದರು ಯಜಮಾನರು.

“ಮೇಡಂ ದಿನಾ ಬಸ್ಸಲ್ಲಿ ಬರ್ತಾರೆ ಸರ್,” ಎಂದು ಮೂವತ್ತೆಂಟು ಸಾಹೇಬ್ರು ನಕ್ಕರು. ಆಮೇಲೆ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. “ಒಂದು ಮಾತು ಕೇಳಬಹುದಾ? ನಿಮ್ಮ ಅತ್ತೆಯವರು ಇದೇ ಔಷಧ ತಗೋತಾರಂತೆ. ಸಕ್ಕರೆ ಬೇರೆ ಜಾಸ್ತಿಯಾಗಿದೆಯಂತೆ. ಮನೇಲಿ ಅಂಥ ಪರಿಸ್ಥಿತಿ ಇಟ್ಕೊಂಡು ನೀವು ತಟಸ್ಥವಾಗಿ ಅಳೆಯೋಕೆ ಆಗುತ್ತಾ?”

ಇದು ಒಳ್ಳೆಯ ನ್ಯಾಯ. ಔಷಧ ಕೆಟ್ಟಿದ್ದಕ್ಕೆ ಪೆಟ್ಟು ತಿಂದವರು ಅದೇ ಕಾರಣಕ್ಕೆ ಬಾಯಿ ಮುಚ್ಚಬೇಕು. ಪೆಟ್ಟು ತಿನ್ನದವರಿಗೆ ಗೊತ್ತೇ ಆಗುವುದಿಲ್ಲ. ಹಾಗಾದರೆ ಮಾತಾಡುವ ಹಕ್ಕು ಯಾರಿಗೆ?

“ನನ್ನ ಯಂತ್ರಕ್ಕೆ ಅತ್ತೆ ಇಲ್ಲ ಸರ್,” ಎಂದೆ.

ಯಜಮಾನರು ನಗು ತಡೆದುಕೊಂಡರು. ಅವರು ದಡ್ಡರಲ್ಲ. ನನ್ನ ಎರಡು ಗೆರೆಗಳನ್ನು ತಮ್ಮ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದರು, ಬಾಗಿದ ಜಾಗದ ಮೇಲೆ ಬೆರಳಿಟ್ಟರು. ಕೊನೆಗೆ ಹೇಳಿದರು: “ಶುಕ್ರವಾರದ ಕಂತು ನಿಲ್ಲಿಸೋಣ. ಕಾರಣ ಮುದ್ರಣ ದೋಷ ಅಂತ ತಿಳಿಸಿ. ನಿಧಾನವಾಗಿ ಹಳೆ ಹಾಳೆಗೇ ಹೋಗೋಣ. ಇಬ್ಬರ ಮಾತೂ ಉಳಿದಂಗಾಯ್ತು.”

“ಈಗಾಗಲೇ ಹೋಗಿರೋ ಕಂತು?”

“ಅದಕ್ಕೇನು?”

“ಆ ಡಬ್ಬಿಗಳು ಅಂಗಡಿಗಳಲ್ಲಿವೆ ಸರ್. ಜನ ದಿನಾ ಚುಚ್ಕೋತಿದ್ದಾರೆ.”

“ಮುದ್ರಣ ದೋಷಕ್ಕೆ ಯಾರಾದ್ರೂ ಔಷಧ ವಾಪಸ್ ತರಿಸ್ತಾರಾ ಮೇಡಂ?” ಎಂದರು ಯಜಮಾನರು, ಮಗುವಿಗೆ ತಿಳಿಹೇಳುವ ಹಾಗೆ. “ಇದ್ದದ್ದು ಇದ್ದಲ್ಲೇ ಖರ್ಚಾಗುತ್ತೆ. ನೀವು ಗೆದ್ರಿ, ಹೋಗಿ ಕೆಲಸ ನೋಡಿ.”

ಕಾರಿಡಾರಿನ ಕೊನೆಯವರೆಗೂ ನಡೆದು ಹೋಗಿ, ನೀರಿನ ಯಂತ್ರದ ಪಕ್ಕ ಗೋಡೆಗೆ ಒರಗಿ ನಿಂತೆ. ಮೂವತ್ತೆಂಟು ಸಾಹೇಬರ ಮೇಲೆ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ. ಅವರು ನನ್ನನ್ನು ನಂಬಿರಲಿಲ್ಲ. ನಂಬದವರಿಗೆ ಇನ್ನೊಮ್ಮೆ ವಿವರಿಸಬಹುದು. ಯಜಮಾನರು ನಂಬಿದ್ದರು. ನಂಬಿದ್ದಕ್ಕೇ ಲಾರಿ ನಿಲ್ಲಿಸಿದರು, ನಂಬಿದ್ದಕ್ಕೇ ಸುಳ್ಳು ಕಾರಣ ಹುಡುಕಿದರು. ಸತ್ಯವನ್ನು ತಮಗೆ ಬೇಕಾದಷ್ಟು ಮಾತ್ರ ಕತ್ತರಿಸಿಕೊಂಡು, ಉಳಿದದ್ದನ್ನು ಯಾವುದೋ ಊರಿನ ಯಾರದೋ ಅಜ್ಜಿಯ ಹೊಟ್ಟೆಗೆ ಬಿಟ್ಟರು. ಆಕೆಯ ಮಗನೂ ಬಿಸ್ಕತ್ತಿನ ಡಬ್ಬಕ್ಕೆ ಬೀಗ ಹಾಕುತ್ತಿರಬಹುದು.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು, ಬಸ್ ನಿಲ್ದಾಣದ ಬೆಂಚಿನಿಂದ ಔಷಧ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಮುಖ್ಯ ಫಾರ್ಮಸಿಸ್ಟ್ ಸಿಕ್ಕಿದರು. ನಾನು ಯಾರು, ಏನು ಅಳೆದೆ, ಯಾವ ಕಂತು ಎಂದು ಹೇಳಿದೆ.

“ನಾವು ಕುರುಡು ನಂಬಿಕೆ ಮೇಲೆ ಏನೂ ತಗೊಳ್ಳಲ್ಲ ಮೇಡಂ,” ಎಂದರು ಅವರು, ಸ್ವಲ್ಪ ನೊಂದ ದನಿಯಲ್ಲಿ. “ಪಟ್ಟಿ ಬಂದ ಕೂಡಲೇ ನಾವೂ ಪರೀಕ್ಷೆ ಮಾಡಿದ್ವಿ. ಸರಿಯಾಗಿ ಮೂವತ್ತೆಂಟು ಬಂತು.”

“ಹೇಗೆ ಮಾಡಿದ್ರಿ?”

“ನಿಮ್ಮ ಸಾಹೇಬ್ರು ಹೇಳಿಕೊಟ್ಟ ಹಾಗೇ. ಕೆರೆದು.”

ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ತಿರುಗಿದಳು. ನಾನು ಜೋರಾಗಿ ಏನೋ ಅಂದಿರಬೇಕು. ಮಾರುವವರೂ ಕೆರೆದರು, ಕೊಳ್ಳುವವರೂ ಕೆರೆದರು. ಯಾವುದನ್ನು ನೋಡಬೇಕಿತ್ತೋ ಅದನ್ನು ಎರಡು ಕಡೆಯೂ ಶ್ರದ್ಧೆಯಿಂದ ಅಳಿಸಿಹಾಕಿ, ಆಮೇಲೆ ಪರೀಕ್ಷಿಸಿದರು.

“ಸರ್, ನಿಮ್ಮ ಹತ್ತಿರ ಹಳೆ ಕಂತಿನ ಪಟ್ಟಿ ಇದೆಯಾ?”

“ಇರುತ್ತೆ, ಮಾದರಿಗೆ ಇಟ್ಟಿರ್ತೀವಿ.”

“ಹಳೇದೊಂದು, ಹೊಸದೊಂದು ತಗೊಳ್ಳಿ. ಕೆರೀಬೇಡಿ. ಎಡ ಕಂಕುಳಲ್ಲಿ ಒಂದು, ಬಲ ಕಂಕುಳಲ್ಲಿ ಒಂದು ಇಟ್ಕೊಳ್ಳಿ. ಸಂಜೆ ತೆಗೆದು ನೋಡಿ.”

“ತಮಾಷೆ ಮಾಡ್ತಿದ್ದೀರಾ?”

“ನಿಮ್ಮ ಮೈ ಮೂವತ್ತಾರು ಡಿಗ್ರಿ ಇರುತ್ತೆ ಸರ್. ಔಷಧ ಅಷ್ಟು ಬಿಸೀಲಿ ಇರಬಾರದು ಅಂತ ನೀವೇ ಹೇಳ್ತೀರಿ. ಅಲ್ಲಿಟ್ಟ ಪಟ್ಟಿ ಬಿಳಿಯಾಗದೆ ಇದ್ರೆ ಅದು ಯಾತಕ್ಕೆ?”

ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಅವರ ಫೋನ್ ಬಂತು.

“ಮೇಡಂ, ಇಡೀ ದಿನ ಕೈ ಎರಡೂ ಮೈಗೆ ಅಂಟಿಸಿಕೊಂಡು ಓಡಾಡಿದ್ದೀನಿ. ಚಳಿಜ್ವರನಾ ಸರ್ ಅಂತ ಎಲ್ಲರೂ ಕೇಳಿದ್ರು.” ಆಮೇಲೆ ವಿಷಯಕ್ಕೆ ಬಂದರು. “ಹಳೇದು ಹಾಲಿನ ಹಾಗೆ ಬಿಳಿ. ಹೊಸದು... ಹೊಸದು ಅಂಗಡಿಯಿಂದ ಈಗ ತಂದ ಹಾಗಿದೆ.”

ಮರುದಿನವೇ ಅವರು ಡಬ್ಬಿಗಳನ್ನು ವಾಪಸ್ ತರಿಸಲು ಹೇಳಿದರು. ನಮ್ಮ ಮನೆಯದನ್ನೂ ಕಳಿಸಿದೆ. ಕಿಟಕಿಯಲ್ಲಿ ಮರೆತದ್ದನ್ನಲ್ಲ; ಅದೇ ಅಂಗಡಿಯಿಂದ ತಂದು ನಮ್ಮ ಫ್ರಿಜ್ಜಿನಲ್ಲೇ ಇಟ್ಟಿದ್ದ, ಇನ್ನೂ ಒಡೆಯದ ಇನ್ನೊಂದು ಡಬ್ಬಿ. ಪರೀಕ್ಷೆ ಮಾಡಿ ಅವರು ತಿಳಿಸಿದರು: ಔಷಧದಲ್ಲಿ ಅರ್ಧದಷ್ಟೂ ಶಕ್ತಿ ಉಳಿದಿರಲಿಲ್ಲ. ನಮ್ಮ ಮನೆಗೆ ಬರುವ ಮೊದಲೇ ಅದು ಎಲ್ಲೋ ಚೆನ್ನಾಗಿ ಬೆಂದಿತ್ತು. ಪಟ್ಟಿ ನೀಲಿ.

ಯಜಮಾನರು ಕರೆಸಿದರು. “ನನ್ನನ್ನು ಕೇಳದೆ, ನನ್ನ ತಲೆ ಮೇಲಿಂದ ಹಾರಿ ಕಂಪನಿಯವರ ಹತ್ರ ಹೋದ್ರಲ್ಲ ಮೇಡಂ. ಇಷ್ಟು ವರ್ಷದ ವಿಶ್ವಾಸ.”

“ತಲೆ ಬಗ್ಗಿಸಿ ಕೂತಿದ್ರಿ ಸರ್, ಹಾರೋದು ಕಷ್ಟ ಆಗಲಿಲ್ಲ.”

ಇದನ್ನು ಹೇಳಬಾರದಿತ್ತೇನೋ. ಆದರೆ ಹೇಳಿಯಾಗಿತ್ತು. ಆಗ ಪಕ್ಕದಲ್ಲಿ ಕೂತಿದ್ದ ಮೂವತ್ತೆಂಟು ಸಾಹೇಬ್ರು ಗಂಟಲು ಸರಿಮಾಡಿಕೊಂಡರು. ಅವರ ಮುಖದಲ್ಲಿ ನಿಜವಾದ ಪಶ್ಚಾತ್ತಾಪವಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ಆಗಿದ್ದು ಆಯ್ತು. ಇನ್ನು ಮುಂದೆ ನಾವು ಬಹಳ ಕಟ್ಟುನಿಟ್ಟು ಮಾಡ್ತೀವಿ ಸರ್. ಪ್ರತಿ ಕಂತಿಗೂ ಎರಡರಷ್ಟು ಪಟ್ಟಿ ಕೆರೀತೀವಿ.”

“ಕೆರೀಬೇಡಿ!” ಎಂದು ನಾನು ಕಿರುಚಿದೆ. ಹೊರಗೆ ಟೈಪ್ ಮಾಡುತ್ತಿದ್ದ ಸದ್ದು ನಿಂತಿತು. “ಹತ್ತರಷ್ಟು ಕೆರೆದ್ರೂ ಮೂವತ್ತೆಂಟೇ ಬರುತ್ತೆ ಸರ್! ಹಾಳೆ ಮೇಲೆ ಹೇಗಿದೆಯೋ ಹಾಗೇ ಇಟ್ಟು ನೋಡಿ. ಹಾಳೆ ಬದಲಾದ್ರೆ ಅದು ಹೊಸ ಪಟ್ಟಿ ಅಂತ ತಿಳ್ಕೊಳ್ಳಿ. ಪಾಲಿಮರ್ ಒಂದೇ ಅನ್ನೋ ಮಾತು ಈ ಕೋಣೇಲಿ ಇನ್ನೊಂದು ಸಲ ಕೇಳಿದ್ರೆ ನಾನು ಈ ಕೆಲಸದಲ್ಲಿ ಇರಲ್ಲ.”

“ಸಿಟ್ಟು ಇಳಿಸಿ ಮೇಡಂ,” ಎಂದರು ಯಜಮಾನರು. “ಈಗ ಎಲ್ಲ ಸರಿಹೋಯ್ತಲ್ಲ.”

ಕೆಲಸ ಬಿಡಿ ಎನ್ನಲಿಲ್ಲ, ಆಗಲಿ ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ಮರುವಾರ ಗುಣಮಟ್ಟ ವಿಭಾಗದ ಇಬ್ಬರು ನನ್ನ ಕೋಣೆಗೆ ಬಂದು, ಬೆಳಕು ಓರೆಯಾಗಿ ಬಿಡುವುದು ಹೇಗೆ ಎಂದು ಕೇಳಿದರು. ಹೇಳಿಕೊಟ್ಟೆ. ಸಿಟ್ಟು ಇಳಿಸಲಿಲ್ಲ.

ಮನೆಯಲ್ಲೂ ಅದೇ ಮಾತು. ಒಳ್ಳೆಯ ಔಷಧ ಬಂದ ಮೇಲೆ ಅತ್ತೆಯ ಸಕ್ಕರೆ ಇಳಿಯಿತು. ನನ್ನ ಗಂಡ ಕಪಾಟಿನ ಬೀಗ ತೆಗೆದು, “ಹೋಗ್ಲಿ ಬಿಡಮ್ಮ, ಈಗ ಸರಿಹೋಯ್ತಲ್ಲ” ಎಂದ.

“ಏನು ಬಿಡೋದು? ನಡಿ, ಡಾಕ್ಟರ ಹತ್ರ ಹೋಗೋಣ.”

“ಯಾಕೆ? ಆರೋಗ್ಯವಾಗೇ ಇದ್ದೀಯಲ್ಲ.”

“ಅದಕ್ಕೇ ಹೋಗೋಣ.”

ಮೂವರೂ ಹೋದೆವು. ಡಾಕ್ಟರು ರಕ್ತದ ವರದಿ ನೋಡಿ ಖುಷಿಯಾದರು. “ನೋಡಿದ್ರಾ ಅಜ್ಜಿ, ಪಥ್ಯ ಮಾಡಿದ್ರೆ ಹೇಗಿರುತ್ತೆ! ಹೀಗೇ ಮುಂದುವರಿಸಿ.”

ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಒತ್ತಿದರು. “ನೀನು ಸುಮ್ನಿರು.” ಆಮೇಲೆ ಡಾಕ್ಟರ ಕಡೆ ತಿರುಗಿದರು. “ನಾನು ಮೊದಲೂ ಪಥ್ಯ ಬಿಟ್ಟಿರಲಿಲ್ಲ. ನಿಮ್ಮ ಔಷಧ ಕೆಟ್ಟಿತ್ತು. ಕಂಪನಿಯವರೇ ವಾಪಸ್ ತಗೊಂಡ್ರು.”

“ಹೌದು, ಆ ಸುದ್ದಿ ನಮಗೂ ಬಂತು,” ಎಂದು ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಇರಲಿ, ಈಗ ಎಲ್ಲ...”

“ಇರಲಿ ಅಲ್ಲ. ನಾನು ಕದ್ದು ತಿಂದಿರಲಿಲ್ಲ ಅಂತ ಹೇಳಿ.”

“ಅಜ್ಜಿ, ಹೊರಗಡೆ ತುಂಬಾ ಜನ ಕಾಯ್ತಿದ್ದಾರೆ.”

“ನನಗೆ ಅವಸರ ಇಲ್ಲ,” ಎಂದು ಅತ್ತೆ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತರು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಗಂಡ ನೆಲ ನೋಡುತ್ತಿದ್ದ. ಡಾಕ್ಟರು ನನ್ನ ಕಡೆ ನೋಡಿದರು. ನಾನು ಸಹಾಯ ಮಾಡಲಿಲ್ಲ.

“ನೀವು ತಿಂದಿರಲಿಲ್ಲ,” ಎಂದರು ಡಾಕ್ಟರು.

“ಜೋರಾಗಿ,” ಎಂದರು ಅತ್ತೆ.